ತೊಟ್ಟಿಲ ಪಕ್ಕದ ಗೋಡೆ

ಭಾನುವಾರ, ನಸುಕಿನ ಎರಡೂವರೆ

ಪ್ರೀತಿಯ ಅಕ್ಕಾ,

ಎರಡು ಗಂಟೆಗೆ ಎಚ್ಚರವಾಯಿತು. ಹತ್ತಿರದಲ್ಲೇ ಯಾರೋ ಏನನ್ನೋ ಕಟಕಟ ಕಡಿಯುವ ಸದ್ದು. ನಾನು ಕಣ್ಣು ಬಿಟ್ಟ ಕೂಡಲೇ ನಿಂತುಹೋಯಿತು. ತೊಟ್ಟಿಲ ಪಕ್ಕ ನೆಲದ ಮೇಲೆ ಕೂತಿದ್ದೆ, ತೂಗುತ್ತ ತೂಗುತ್ತ ಅಲ್ಲೇ ಜೋಂಪು ಹತ್ತಿತ್ತೇನೋ. ಮೊಬೈಲ್ ಬೆಳಕಿನಲ್ಲಿ ನೋಡಿದರೆ ಗೋಡೆಯ ಸುಣ್ಣ ಅಂಗೈಯಗಲ ಕಿತ್ತುಹೋಗಿದೆ. ಇಲಿ ಅಂದುಕೊಳ್ಳೋಣವೆಂದರೆ ನೆಲದ ಮೇಲೆ ಒಂದು ಚೂರೂ ಬಿದ್ದಿಲ್ಲ. ಪುಟ್ಟಿಯ ತುಟಿಯ ಮೇಲೆ ಮಾತ್ರ ಬಿಳಿ ಪುಡಿ. ಇನ್ನೂ ಮಗ್ಗುಲಾಗಲೂ ಬಾರದ ಕೂಸು, ಯಾರೋ ತಿನ್ನಿಸಿದ್ದಾರೆ ಅಕ್ಕಾ. ಬೆರಳು ಹಾಕಿ ಒರೆಸಿ ತೆಗೆದೆ. ಸದ್ಯ, ಚೆನ್ನಾಗೇ ಉಸಿರಾಡುತ್ತಿದ್ದಾಳೆ.

ಮನೆಯಲ್ಲಿ ಇನ್ನೊಬ್ಬರು ಅಂತ ಇರುವುದು ನಮ್ಮನೆಯವರೇ. ಮಾಂಸ ಮುಟ್ಟದ ಇವರಂಥ ಓಟಗಾರರಿಗೆ ರಕ್ತದಲ್ಲಿ ಕಬ್ಬಿಣದಂಶ ಇಳಿದರೆ ಐಸು, ಮಣ್ಣು, ಸುಣ್ಣ ತಿನ್ನಬೇಕು ಅನ್ನಿಸುತ್ತದೆ ಅಂತ ನೀನೇ ಹೆದರಿಸಿದ್ದೆ. ಆಸ್ಪತ್ರೆಯಲ್ಲಿ ದಿನಾ ಅಂಥವರನ್ನೇ ನೋಡುವವಳು ನೀನು. ಆದರೆ ನೀನು ಹೇಳಿದ ಊಟದಲ್ಲಿ ಒಂದನ್ನೂ ತಪ್ಪಿಸಿಲ್ಲ ನಾನು. ಎರಡು ಹೊತ್ತೂ ಬೇಳೆ, ಮೊಳಕೆ ಕಾಳು, ಸೊಪ್ಪಿನ ಮೇಲೆ ನಿಂಬೆಹುಳಿ, ಉಂಡ ಮೇಲೆ ಗಂಟೆ ಕಳೆಯುವ ತನಕ ಚಹಾ ಇಲ್ಲ. ಮೇಕೆರಾಯರು ಅಂತ ನೀನು ಹೆಸರಿಟ್ಟಿದ್ದಕ್ಕೆ ಮುಖ ಊದಿಸಿಕೊಂಡೇ ತಟ್ಟೆ ಖಾಲಿ ಮಾಡುತ್ತಾರೆ. ಡಾಕ್ಟರು ಬರೆದ ಮಾತ್ರೆಯನ್ನು ಮಾತ್ರ ಮುಟ್ಟರು. ಬರೀ ಸೊಪ್ಪು, ಬೇಳೆ ತಿಂದೇ ಗೆದ್ದು ತೋರಿಸುತ್ತೀನಿ ಅಂತ ಕೋಚ್ ಮುಂದೆ ಕೊಚ್ಚಿಕೊಂಡಿದ್ದಾರಲ್ಲ, ಆ ಹಟ.

ಅದಕ್ಕೇ, ಬೈಯಬೇಡ, ಬಾಣಂತನದಲ್ಲಿ ನನಗೆ ಕೊಟ್ಟ ಕಬ್ಬಿಣದ ಮಾತ್ರೆಗಳನ್ನು ಪುಡಿ ಮಾಡಿ ಅವರ ಊಟಕ್ಕೆ ಬೆರೆಸುತ್ತಾ ಬಂದೆ. ಏನೋ ಒಗರು ಅಂದರೆ ಸೊಪ್ಪು ಬಲಿತಿತ್ತು ಅಂತ ಸಾಗಹಾಕಿದೆ. ನನ್ನ ಪಾಲಿನ ಬೇಳೆಯೂ ಅವರ ತಟ್ಟೆಗೇ. ಮನೆಯಲ್ಲಿ ಕೂತವಳಿಗೆ ಯಾಕೆ ಅಷ್ಟೊಂದು? ಹೋದ ವಾರ ಅವರ ರಕ್ತಪರೀಕ್ಷೆಯಲ್ಲಿ ಎಲ್ಲಾ ಸರಿ ಬಂತು. ಹಾಗಿದ್ದರೆ ಈ ಸುಣ್ಣ ಯಾಕೆ?

ಇವತ್ತು ಆಯ್ಕೆಯ ಓಟ, ಐದಕ್ಕೆ ವ್ಯಾನ್ ಬರುತ್ತದೆ. ನಿದ್ದೆ ಕೆಡದಿರಲಿ ಅಂತ ಅವರು ಹೊರಗಿನ ಕೋಣೆಯಲ್ಲಿ ಮಲಗಿದ್ದಾರೆ. ನಾನು ಚಿಲಕ ಹಾಕಿಕೊಂಡು ಕೂತಿದ್ದೇನೆ, ಕಟ್ಟಿಕೊಂಡ ಗಂಡನಿಗೆ ಹೆದರಿ! ಎಷ್ಟು ಸಲ ಮಾಡಿದರೂ ನೀನು ಫೋನ್ ಎತ್ತಲಿಲ್ಲ. ಏಳುತ್ತಲೇ ಮೇಲ್ ನೋಡುವವಳು ಅಂತ ಬರೆಯುತ್ತಿದ್ದೇನೆ. ಅವರನ್ನು ಓಡಲು ಬಿಡಲೋ ಬೇಡವೋ ಹೇಳು. ನನಗಂತೂ ವಾರದಿಂದ ರೆಪ್ಪೆಗೆ ರೆಪ್ಪೆ ಅಂಟಿಲ್ಲ.

ನಿನ್ನ ತಂಗಿ

ಮತ್ತೆ ಸೇರಿಸಿದ್ದು: ಕಳಿಸಬೇಕು ಅನ್ನುವಷ್ಟರಲ್ಲಿ ಅವರು ಬಾಗಿಲು ತಟ್ಟಿದರು. ಇಷ್ಟು ಹೊತ್ತಿನಲ್ಲಿ ಒಳಗೆ ಕೂತು ಏನೇ ಕಡೀತಿದೀಯ, ನಿದ್ದೆನೇ ಹತ್ತಲಿಲ್ಲ ಅಂತ ಹೊರಗಿನಿಂದಲೇ ಕೇಳಿದರು. ಏನಿಲ್ಲ, ಮಲಗಿ ಅಂದೆ. ನಾಲಿಗೆಯ ತುಂಬ ಮರಳುಮರಳು. ಚಿಲಕ ಹಾಕಿದ್ದು ಹಾಕಿದ ಹಾಗೇ ಇದೆ, ಗೋಡೆಯ ಗಾಯ ಎರಡರಷ್ಟಾಗಿದೆ. ಪುಟ್ಟಿ ನನ್ನ ಮಡಿಲಲ್ಲಿದ್ದಾಳೆ, ಎತ್ತಿಕೊಂಡಿದ್ದು ನೆನಪೇ ಇಲ್ಲ. ಐದರ ಮೇಲೆ ಮನೆಯಲ್ಲಿ ನಾವಿಬ್ಬರೇ. ಅಕ್ಕಾ, ದಮ್ಮಯ್ಯ, ವ್ಯಾನ್ ಬರುವ ಮೊದಲು ಫೋನ್ ಮಾಡು. ನನಗಲ್ಲ, ಅವರಿಗೆ. ಕೂಸನ್ನು ನನ್ನ ತಂಗಿಯ ಹತ್ತಿರ ಬಿಟ್ಟು ಹೋಗಬೇಡಿ ಅಂತ ನೀನೇ ಹೇಳು, ನನಗೆ ಧೈರ್ಯ ಸಾಲದು.