ದೀಪಕ್ಕೆ ಮುಂಚಿನ ಹಿಡಿತ

‘ಆರೂ ತಂತಿ ಬಡೀಬೇಕಂತ ಯಾವ ಸರಕಾರ ಹೇಳೈತಿ’ ಅಂದಿದ್ದಿರೋ, ‘ಯಾವ ಕಾಯ್ದೆ ಐತಿ’ ಅಂದಿದ್ದಿರೋ, ಮಾಮಾ, ಸರಿಯಾಗಿ ನೆನಪಾಗುತ್ತಿಲ್ಲ. ಸರಕಾರವೇ ಇರಬೇಕು. ನಿಮ್ಮ ಬಾಯಲ್ಲಿ ಕಾಯ್ದೆಗಿಂತ ಸರಕಾರಕ್ಕೇ ಬೈಗುಳ ಹೆಚ್ಚು ಬೀಳುತ್ತಿತ್ತು. ಇಂದು ಮಧ್ಯಾಹ್ನ ಬೆಳಗಾವಿ ಪಕ್ಕದ ಮಚ್ಛೆಯ ಕಾರ್ಖಾನೆಯಲ್ಲಿ ಪಂಪಿನ ಯಾವುದೋ ಭಾಗದ ನಕ್ಷೆ ಎಳೆಯುತ್ತ ಕೂತಿದ್ದೆ. ಆ ಮಾತು ಯಾರೋ ಹೆಗಲ ಮೇಲಿಂದ ಬಗ್ಗಿ ಹೇಳಿದ ಹಾಗೆ ಕೇಳಿತು. ಪೆನ್ಸಿಲ್ ಕೆಳಗಿಟ್ಟೆ. ಎಡಗೈ ಮೇಜಿನ ಅಂಚಿನಲ್ಲಿ ತಾನಾಗಿ ಗಿಟಾರಿನ ಒಂದು ಹಿಡಿತಕ್ಕೆ ಹೋಗಿ ಕೂತಿತ್ತು.

ಬರೆಯಲು ಕಾರಣವಿದೆ. ನೀವು ತೀರಿಹೋದ ಮೇಲೆ ಮಾಮಿ ಸಂಜೆ ಹಾಡುವುದನ್ನು ನಿಲ್ಲಿಸಿದ್ದರು. ನಿಲ್ಲಿಸಿದ್ದರು ಅನ್ನುವುದೂ ಸರಿಯಲ್ಲ, ಶುರು ಮಾಡಲು ಬರುತ್ತಿರಲಿಲ್ಲ. ವಿಭೂತಿ ಹಚ್ಚಿಕೊಂಡು, ದೀಪ ಹಚ್ಚಿ, ದೇವರ ಜಗಲಿಯ ಮುಂದೆ ಕೂತು ಬಾಯಿ ತೆರೆಯುತ್ತಿದ್ದರು. ಆಮೇಲೆ ಸುಮ್ಮನೆ ಮುಚ್ಚುತ್ತಿದ್ದರು. ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ದಿನ ನನ್ನ ಮುಂದೆ ಹೇಳಿದರು: ‘ಎಲ್ಲಿಂದ ಹಿಡೀಬೇಕೋ ತಿಳೀವಲ್ದೋ ಬಸೂ. ನಿಮ್ಮ ಮಾಮಾ ಗಿಟಾರಿನ ಡಬ್ಬಿ ಮುಚ್ಚೂಕಿಂತ ಮೊದಲ ಕಡೀಕ ಒಂದು ಬಾರಸ್ತಿದ್ರಲ್ಲ, ಅದು ಆತಂದ್ರ ನಂದು ಸುರು ಆಗತಿತ್ತು. ಬಾಜೂ ಮನಿಯವರ ಹಾರ್ಮೋನಿಯಂ ಪೇಟಿ ತಂದು ಇಟಗೊಂಡು ನೋಡಿದೆ, ಬರಲಿಲ್ಲ. ನೀ ಅವರ ಹಂತ್ಯಾಕ ಕಲತಾಂವ, ಅದೊಂದು ಬಾರಿಸಿ ಕೊಡು.’

ನನಗೆ ಅದೊಂದೇ ಗೊತ್ತಿರಲಿಲ್ಲ. ನಿಮ್ಮ ಎಲ್ಲ ಹಿಡಿತಗಳನ್ನೂ ಕಲಿತೆ. ಆದರೆ ಖಾನಾಪುರದಿಂದ ಬೆಳಗಾವಿಗೆ ಹೋಗುವ ಸಂಜೆಯ ಪ್ಯಾಸೆಂಜರ್ ಹಿಡಿಯಲು ಪ್ರತಿ ಭಾನುವಾರ ದೀಪಕ್ಕೆ ಮೊದಲೇ ಎದ್ದುಬಿಡುತ್ತಿದ್ದೆ. ಸ್ಟೇಷನ್ ದಾರಿ ತಿರುಗುವಲ್ಲಿ ಹಿಂದಿನಿಂದ ಮಾಮಿಯ ದನಿ ತೇಲಿ ಬರುತ್ತಿತ್ತು, ಅಷ್ಟೇ. ಅದಕ್ಕೆ ಮೊದಲು ನಿಮ್ಮ ಕೈಯಲ್ಲಿ ಏನಾಗುತ್ತಿತ್ತು?

ಗಿಟಾರ್ ಮನೆಗೆ ಬಂದ ದಿನ ಗೋಧಿ ಚೀಲದಲ್ಲಿತ್ತು. ಕುತ್ತಿಗೆ ಮಾತ್ರ ಹೊರಗೆ. ಮಾಮಿ ನಿಮ್ಮನ್ನು ಬಾಗಿಲಲ್ಲೇ ತಡೆದರು. ‘ಅಯ್ಯ ಶಿವನ, ಕೋಳಿ ಹಿಡಕೊಂಡು ಬಂದೀರೇನ್ರಿ ಲಿಂಗವಂತರ ಮನಿಗೆ?’ ನೀವು ಚೀಲ ಬಿಚ್ಚಿ ತೋರಿಸಿದಿರಿ. ‘ಹಂಗಾರ ಕೋಳೀನ ಚಲೋ ಇತ್ತು, ಒಂದ ದಿನಕ್ಕ ಮುಗೀತಿತ್ತು’ ಎಂದು ಅವರು ಒಳಗೆ ಹೋದರು. ಬೆಳಗಾವಿಯ ಕ್ಯಾಂಪಿನಲ್ಲಿ ಮದುವೆ ಬ್ಯಾಂಡಿನವನಾಗಿದ್ದ ಫೆಲಿಕ್ಸ್ ಅದನ್ನು ನಿಮಗೆ ಮಾರಿದ್ದ. ಜೊತೆಗೆ ಮೂರು ಹಿಡಿತ ತೋರಿಸಿ ಕಳಿಸಿದ್ದ. ಅವನು ‘ಕಾರ್ಡ್’ ಅನ್ನುತ್ತಿದ್ದ. ನಮಗೆ ಕಾರ್ಡೆಂದರೆ ಅಂಚೆಯ ಕಾರ್ಡು. ಹಾಗಾಗಿ ಮನೆಯಲ್ಲಿ ಅದು ಹಿಡಿತವೇ ಆಯಿತು.

ಆಮೇಲೆ ಆ ರೆಕಾರ್ಡು ಬಂತು. ಕ್ಯಾಂಪಿನಿಂದ ವರ್ಗವಾಗಿ ಹೋದ ಯಾವನೋ ಮಿಲಿಟರಿ ಸಾಹೇಬನ ಸಾಮಾನಿನ ಹರಾಜಿನಲ್ಲಿ, ಸೆಲ್ಲು ಹಾಕಿ ನಡೆಸುವ ಸಣ್ಣ ಪ್ಲೇಯರಿನ ಜೊತೆಗೆ ಸಿಕ್ಕದ್ದು. ಲೇಬಲ್ಲು ನೀರು ಕುಡಿದು ಅಳಿಸಿಹೋಗಿತ್ತು. ಹಾಡಿದವನು ಯಾರು, ಯಾವ ಊರಿನವನು, ಗೊತ್ತಾಗಲಿಲ್ಲ. ಒಂದು ಗಿಟಾರ್, ಒಂದು ದನಿ. ದನಿಯಲ್ಲಿ ಎಷ್ಟು ವಯಸ್ಸಾಗಿತ್ತು ಅವನಿಗೆ! ನೀವು ಕಣ್ಣು ಮುಚ್ಚಿ ಕೇಳಿ ಅಂದಿರಿ: ‘ಮುದುಕ ಅದಾನ. ಎಲ್ಲಾ ಮಂದಿ ಊಟಕ್ಕ ಎದ್ದ ಹೋಗ್ಯಾರ, ಅಂವ ಒಬ್ಬನ ಕುಂತಾನ.’ ನೀವು ಬಾರಿಸಿ ತೋರಿಸಿದಾಗ ಅದು ಬ್ಲೂಸ್, ಅಮೆರಿಕದ ಕಪ್ಪು ಜನರ ಹಾಡು ಎಂದು ಫೆಲಿಕ್ಸ್ ಹೇಳಿದ. ಹನ್ನೆರಡು ಅಳತೆಯ ಒಂದು ಸುತ್ತು, ಮೂರೇ ಮೂರು ಹಿಡಿತ, ಮತ್ತೆ ಮೊದಲಿಂದ. ‘ಇಷ್ಟರಾಗ ಜನ್ಮಾ ತಗೀತಾನಲ್ಲೋ’ ಎಂದು ನೀವು ಬೆರಗಾಗಿದ್ದಿರಿ.

ಮಾಳಿಗೆಯ ಮೇಲಿನ ಬಿಸಿಲು ನೆನಪಾಗುತ್ತದೆ. ಹಳೆಯ ಸೀರೆಯ ಮೇಲೆ ಸಂಡಿಗೆ, ಸಂಡಿಗೆಯ ಪಕ್ಕದಲ್ಲಿ ಸಾಲಾಗಿ ನಿಮ್ಮ ಸೆಲ್ಲುಗಳು. ಸತ್ತ ಸೆಲ್ಲನ್ನು ಬಿಸಿಲಿಗಿಟ್ಟರೆ ಒಂದಿಷ್ಟು ಜೀವ ಬರುತ್ತದೆಂದು ಎಲ್ಲರ ಮನೆಯಲ್ಲೂ ಕೈಬ್ಯಾಟರಿಗೆ ಮಾಡುತ್ತಿದ್ದದ್ದೇ. ನೀವು ಹೊಸ ಸೆಲ್ಲು ತರುತ್ತಲೇ ಇರಲಿಲ್ಲ. ‘ಸಂಡಗಿ ಜೋಡಿ ನಿಮ್ಮ ಸೆಲ್ನೂ ತಿರವಿ ಹಾಕೇನ್ರಿ, ಕರದು ಕೊಡ್ಲೇನು?’ ಎಂದು ಮಾಮಿ ಮಾಳಿಗೆಯಿಂದ ಕೂಗುತ್ತಿದ್ದರು. ಬೆಚ್ಚಗಿನ ಸೆಲ್ಲು ಹಾಕಿದರೆ ಮುದುಕ ತುಸು ಎದ್ದು ಕೂಡುತ್ತಿದ್ದ. ಮತ್ತೆ ಮೆಲ್ಲಗೆ ಒರಗುತ್ತಿದ್ದ. ಅವನು ಒರಗಿದ ಎತ್ತರಕ್ಕೇ ನೀವು ಗಿಟಾರಿನ ತಂತಿಗಳನ್ನು ಇಳಿಸಿ ಕೂಡಿಸುತ್ತಿದ್ದಿರಿ. ಅದೇ ಸರಿಯಾದ ಶ್ರುತಿ ಎಂದು ನಾನು ನಂಬಿದ್ದೆ. ನೀವೂ.

ಮೊದಲ ಹಿಡಿತ ಕಲಿಸಿದ್ದು ಹೇಗೆ ಗೊತ್ತೇ? ನನ್ನ ಬೆರಳುಗಳನ್ನು ಒಂದೊಂದಾಗಿ ಎತ್ತಿ, ಮಗುವನ್ನು ಮಣೆಯ ಮೇಲೆ ಕೂಡಿಸಿದ ಹಾಗೆ ತಂತಿಯ ಮೇಲೆ ಕೂಡಿಸಿದಿರಿ. ಗಿಟಾರಿನ ಕುತ್ತಿಗೆಯ ಎರಡನೆಯ ಪಟ್ಟಿಯಲ್ಲಿ ಎರಡು ಬೆರಳು, ನಡುವೆ ಒಂದು ತಂತಿ ಬಿಡು. ಆ ಬಿಟ್ಟ ತಂತಿಯಲ್ಲೇ ಕೋಮಲ ನಿಷಾದ ಇತ್ತು. ಅದೊಂದರಿಂದ ಹಿಡಿತದ ಮುಖವೇ ಬದಲಾಗುತ್ತಿತ್ತು. ನಗುತ್ತಿದ್ದವನು ಏನನ್ನೋ ನೆನೆದು ಸುಮ್ಮನಾದ ಹಾಗೆ. ಬೆರಳತುದಿ ಸುಲಿದು ಉರಿಯುತ್ತಿದ್ದಾಗ ‘ಉರೀತೈತೇನು? ಉರೀಲಿ. ಅಕ್ಷರ ಕಲತಾವ್ರ ಕೈ ಬಾಳ ಮೆತ್ತಗ’ ಎಂದು ಚುಚ್ಚಿದಿರಿ. ಆಮೇಲೆ ನೀವೇ ಕೊಬ್ಬರಿ ಎಣ್ಣೆ ತಂದಿರಿ.

ಬರಬರುತ್ತ ತಿಳಿಯಿತು, ಹಿಡಿತ ಒಂದೇ ಆದರೂ ಅದನ್ನು ಕೂಡಿಸುವ ಜಾಗ ಹಲವು. ‘ಒಂದ ಮನಿಗೆ ನಾಕು ಬಾಗಲಾ ಅದಾವ. ಯಾವ ಬಾಗಲದಿಂದ ಹೊಕ್ಕೀ ಅನ್ನೂದರ ಮ್ಯಾಲೆ ಒಳಗ ಯಾರು ಮೊದಲ ಕಾಣತಾರ ಅನ್ನೂದು’ ಅನ್ನುತ್ತಿದ್ದಿರಿ. ಸಾ ಕೆಳಗಿಟ್ಟು ನಿಷಾದ ಮೇಲಿಟ್ಟರೆ ಒಂದು ಬಣ್ಣ, ಗಾಂಧಾರ ಕೆಳಗಿಟ್ಟರೆ ಮತ್ತೊಂದು. ಅವೇ ಸ್ವರಗಳು, ಕೂತ ಸಾಲು ಬೇರೆ. ನಾನು ಆರು ತಂತಿಯನ್ನೂ ತುಂಬಿ ಬಾರಿಸುತ್ತಿದ್ದೆ. ನೀವು ಒಂದೊಂದೇ ಕಳಚುತ್ತಿದ್ದಿರಿ. ಪಂಚಮ ತೆಗೆ. ಎರಡು ಸಲ ಬಂದ ಸಾ ಒಂದನ್ನು ತೆಗೆ. ಮೂರು ಸ್ವರಕ್ಕೆ ಬಂದು ನಿಂತಾಗ ಮುದುಕನ ಕೈ ಎಲ್ಲಿತ್ತೆಂದು ಥಟ್ಟನೆ ತಿಳಿಯುತ್ತಿತ್ತು.

ಒಂದು ಸಲ ಹಂಚಿನ ಕಾರ್ಖಾನೆಗೂ ಕರೆದೊಯ್ದಿರಿ. ಭಟ್ಟಿಯಿಂದ ಇಳಿಸಿದ ಹಂಚುಗಳನ್ನು ಬೆರಳ ಗೆಣ್ಣಿನಿಂದ ಬಡಿದು ಆರಿಸುವುದು ನಿಮ್ಮ ಕೆಲಸ. ಚೆನ್ನಾಗಿ ಬೆಂದದ್ದು ಖಣ್ ಎನ್ನುತ್ತಿತ್ತು. ಒಳಗೆ ಸೀಳಿದ್ದು ಬದ್ ಎನ್ನುತ್ತಿತ್ತು. ಕೆಂಪು ಧೂಳಿನಲ್ಲಿ ನೀವು ಸಾಲಿನಿಂದ ಸಾಲಿಗೆ ಸರಿಯುತ್ತಿದ್ದಿರಿ. ಆಳುಗಳು ಮರಾಠಿಯಲ್ಲಿ ಏನೋ ಹೇಳಿಕೊಂಡು ನಗುತ್ತಿದ್ದರು. ಒಂದು ಹಂಚಿನ ಮುಂದೆ ನಿಂತು ಮತ್ತೆ ಬಡಿದು, ‘ಇದರಾಗ ನಿಷಾದ ಐತಿ ನೋಡೋ’ ಅಂದಿರಿ. ಅದನ್ನು ಪಾಸು ಮಾಡಿದಿರೋ, ಒಡೆದಿರೋ... ಈಗ ಕನಸಿನ ಹಾಗಿದೆ. ಕನಸೇ ಇರಬಹುದು.

ಫೆಲಿಕ್ಸನ ಖೋಲಿಯಲ್ಲಿ ಕರೆಂಟಿನ ಪ್ಲೇಯರ್ ಇತ್ತು. ಒಂದು ಸಂಜೆ ರೆಕಾರ್ಡನ್ನು ನಾನೇ ಅಲ್ಲಿಗೆ ಒಯ್ದೆ. ಸೂಜಿ ಇಳಿಸಿದ. ಮುದುಕ ಇರಲಿಲ್ಲ! ಯಾವನೋ ಹುಡುಗ, ಇಪ್ಪತ್ತೈದು ದಾಟದವನು, ಬಸ್ಸು ತಪ್ಪೀತೆಂಬ ಅವಸರದಲ್ಲಿ ಹಾಡುತ್ತಿದ್ದ. ಗಿಟಾರ್ ಕುಣಿಯುತ್ತಿತ್ತು. ಫೆಲಿಕ್ಸ್ ಕಾಲು ತಟ್ಟುತ್ತಿದ್ದ. ಸೊರಗಿದ ಸೆಲ್ಲಿಗೆ ನಿಧಾನವಾಗಿ ತಿರುಗುತ್ತಿದ್ದ ತಟ್ಟೆಯ ಮೇಲೆ ನಾವಿಬ್ಬರೂ ಒಬ್ಬ ಮುದುಕನನ್ನು ಹುಟ್ಟಿಸಿಕೊಂಡು, ಅವನ ದುಃಖವನ್ನು ಕಲಿತಿದ್ದೆವು. ಭಾನುವಾರ ಹೆದರುತ್ತ ನಿಮಗೆ ಹೇಳಿದೆ. ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ‘ಹಂಗಾರ ಅಂವ ಬ್ಯಾರೆ, ನಮ್ಮಂವ ಬ್ಯಾರೆ ಬಿಡೋ. ನಮ್ಮಂವಗ ನಮ್ಮ ಸೆಲ್ಲಽ ಇರಲಿ.’ ತಂತಿಗಳನ್ನು ಮೇಲೇರಿಸಲಿಲ್ಲ. ನಾನು ಮಾತ್ರ ಬೆಳಗಾವಿಗೆ ಬಂದು ನನ್ನ ಗಿಟಾರನ್ನು ಜಗತ್ತಿನ ಶ್ರುತಿಗೆ ಏರಿಸಿಕೊಂಡೆ. ಎಷ್ಟೊಂದು ವರ್ಷ ಹಾಗೇ ಬಾರಿಸಿದೆ.

ಹೋದ ಶನಿವಾರ ಮಾಮಿಯ ಮಾತಿಗಾಗಿ ಗಿಟಾರ್ ಹೊತ್ತುಕೊಂಡು ಖಾನಾಪುರಕ್ಕೆ ಹೋದೆ. ಇದು ನಾಲ್ಕನೆಯದೋ ಐದನೆಯದೋ ಪ್ರಯತ್ನ. ಮೊದಲ ಹಿಡಿತ ಬಾರಿಸುತ್ತಿದ್ದಂತೆ ಅಡಿಗೆಮನೆಯಿಂದ ಬಂತು: ‘ಎತ್ತರ ಆತೋ. ಮಾಡಿನ ಮ್ಯಾಲೆ ನಿಂತು ಕರದಂಗ ಆತು.’ ಆಗ ಹೊಳೆಯಿತು. ಅಟ್ಟದಿಂದ ನಿಮ್ಮ ಪ್ಲೇಯರ್ ಇಳಿಸಿದೆ, ಧೂಳು ಒರೆಸಿದೆ, ಪೇಟೆಯಿಂದ ಸೆಲ್ಲು ತಂದೆ. ಮಾಮಿ ನಾನು ಪೊಟ್ಟಣ ಬಿಚ್ಚುವುದನ್ನು ನೋಡಿ, ‘ಹೊಸಾವ್ ಯಾಕ ತಂದೀ? ಅವರು ಎಂದರ ಹೊಸಾವ್ ಹಾಕಿದ್ರೇನು?’ ಎಂದು ತಮ್ಮ ಬ್ಯಾಟರಿಯ ಹಳೆಯ ಸೆಲ್ಲುಗಳನ್ನೇ ತೆಗೆದುಕೊಟ್ಟರು. ಸಾಲದ್ದಕ್ಕೆ ದೇವರ ಮುಂದಿನ ರೇಡಿಯೋದಿಂದ ಎರಡು. ತಟ್ಟೆ ತಿರುಗಿತು. ಮೊದಲು ಗೊರಗೊರ, ಆಮೇಲೆ ನಮ್ಮ ಮುದುಕ ಬಂದ. ಎಲ್ಲೂ ಹೋಗಿರಲಿಲ್ಲ ಅವನು. ಮಾಮಿ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ‘ಇಂವನ ನೋಡು’ ಅಂದರು, ನೆಂಟನನ್ನು ಗುರುತಿಸಿದ ಹಾಗೆ. ತಂತಿಗಳನ್ನು ಅವನ ಎತ್ತರಕ್ಕೆ ಇಳಿಸಿದೆ.

ಆಮೇಲೆ ನನಗೆ ಗೊತ್ತಿದ್ದ ಬಾಗಿಲುಗಳನ್ನೆಲ್ಲ ಒಂದೊಂದಾಗಿ ತಟ್ಟಿದೆ. ಮಾಮಿ ಒಂದನ್ನೂ ಒಪ್ಪಲಿಲ್ಲ. ‘ಸನೇಕ ಐತಿ, ಖರೇ ಅದಲ್ಲ.’ ದಪ್ಪ ತಂತಿ ಬಿಟ್ಟೆ. ‘ಇನ್ನೂ ಹಗುರ.’ ಪಂಚಮ ತೆಗೆದೆ. ಕೈಯಲ್ಲಿ ಗಾಂಧಾರ, ನಿಷಾದ, ಸಾ ಮೂರೇ ಉಳಿದವು. ಇದಕ್ಕಿಂತ ಹಗುರ ಎಲ್ಲಿಂದ ತರಲಿ? ಮಾಮಿ ಹಣೆ ಗಂಟಿಕ್ಕಿ ಕೇಳಿದರು. ‘ಇಲ್ಲೋ. ಇದರಾಗ ಎಲ್ಲಾ ನೀನಽ ಹೇಳಿ ಮುಗಿಸಿಬಿಟ್ಟಿ. ಅವರದು ಮುಗೀತಿರಲಿಲ್ಲ.’ ಹೊರಗೆ ಹೊತ್ತು ಇಳಿದಿತ್ತು. ಪ್ಯಾಸೆಂಜರ್ ಕೂಗಿ ಹೋದದ್ದು ಕೇಳಿಸಿತು. ನಾನು ಏಳಲಿಲ್ಲ.

ಮುಗಿಯದಂತೆ ಮುಗಿಸುವುದು ಹೇಗೆ? ಈ ಊರುಗಳಲ್ಲಿ ಹುಟ್ಟಿದವರ ಕಿವಿಗೆ ಸಾ ಇಲ್ಲದೆ ಮುಕ್ತಾಯವಿಲ್ಲ. ಎಲ್ಲಿಗೆ ಹೋದರೂ ಅಲ್ಲಿಗೇ ಬಂದು ಕೂಡಬೇಕು. ಅದನ್ನು ಕೈಬಿಡುವ ಯೋಚನೆ ನನಗೆ ಬರುತ್ತಿರಲಿಲ್ಲ. ಬೆರಳು ದಣಿದಿತ್ತೋ ಏನೋ. ಸಾ ಹಿಡಿದಿದ್ದ ಬೆರಳು ಎರಡು ಪಟ್ಟಿ ಮುಂದಕ್ಕೆ ಜಾರಿ ರಿಷಭದ ಮೇಲೆ ನಿಂತಿತು. ಬಾರಿಸಿದೆ. ಗಾಂಧಾರ, ಕೋಮಲ ನಿಷಾದ, ರಿಷಭ. ಸಾ ಇಲ್ಲ. ಸದ್ದು ನೆಲಕ್ಕಿಳಿಯದೆ ಪಡಸಾಲೆಯ ನಡುವೆ ನಿಂತಿತು.

ಮಾಮಿ ದೇವರ ಜಗಲಿಯ ಕಡೆ ಹೋದರು. ಕಡ್ಡಿ ಗೀರಿದ ಸದ್ದು ಬಂತು. ದೀಪ ಹತ್ತಿತು. ಮತ್ತು ಅವರು ಶುರು ಮಾಡಿದರು, ಮಾಮಾ. ಹುಡುಕಲಿಲ್ಲ, ತಡವರಿಸಲಿಲ್ಲ. ನಿಷಾದಕ್ಕೂ ರಿಷಭಕ್ಕೂ ನಡುವೆ ಖಾಲಿ ಇದ್ದ ಆ ಜಾಗದಲ್ಲಿ ನೇರವಾಗಿ ಬಂದು ಕೂತರು. ಸಾ ಅವರ ಬಾಯಿಂದ ಬಂತು. ತಂತಿಯ ಸದ್ದು ಇನ್ನೂ ಆರಿರಲಿಲ್ಲ, ಒಂದು ಗಳಿಗೆ ನಾಲ್ಕೂ ಸ್ವರ ಒಟ್ಟಿಗಿದ್ದವು. ನಾನು ಗಿಟಾರನ್ನು ಮಡಿಲಲ್ಲಿ ಅಡ್ಡ ಮಲಗಿಸಿ, ಅವರು ಮುಗಿಸುವವರೆಗೆ ಅಲುಗಾಡದೆ ಕೂತೆ.

ಬೆಳಿಗ್ಗೆ ಚಹಾ ಕುಡಿಯುತ್ತ ಕೇಳಿದೆ, ಮಾಮಾ ಎಂದಾದರೂ ಹೇಳಿದ್ದರೇನ್ರಿ, ಸಾ ಬಿಟ್ಟು ಬಾರಿಸ್ತೀನಿ ಅಂತ? ಮಾಮಿ ಬಶಿಯಲ್ಲಿ ಚಹಾ ಆರಿಸುತ್ತ, ‘ಅವರೇನು ಹೇಳಾವ್ರು. ನಾನೇನು ಕೇಳಾಕಿ. ಅಡಗಿಮನಿ ಕಡೆ ಮಾರಿ ಮಾಡಿ ಅದೊಂದು ಬಾರಸಾವ್ರು, ಮುಚ್ಚಾವ್ರು. ನಾ ಸುರು ಮಾಡಾಕಿ. ಇಷ್ಟ’ ಅಂದರು. ಬಶಿ ಕೆಳಗಿಟ್ಟು, ‘ಲಗ್ನಾಗಿ ಬಂದಾಗ ಮಂದಿ ಮುಂದ ಹಾಡಾಕ ಬಾಳ ಅಂಜತಿದ್ನೋ ಬಸೂ. ಸುರು ಮಾಡೂದಽ ಆಗತಿರಲಿಲ್ಲ’ ಎಂದು ಬೇರೆಡೆ ನೋಡಿದರು. ಹೊರಡುವಾಗ ಗದರಿದ ಹಾಗೆ ಹೇಳಿದರು, ‘ಈಗ ಸಿಕ್ಕೈತಿ. ಆದ್ರೂ ಶನಿವಾರಕ್ಕೊಮ್ಮಿ ಬಂದು ಬಾರಿಸಿ ಹೋಗು. ಕಾರ್ಖಾನಿ ಓಡಿ ಹೋಗೂದಿಲ್ಲ.’ ಹೋಗುತ್ತೇನೆ, ಮಾಮಾ. ಬೆಳಗಿನ ಗಾಡಿಗೆ ಮರಳಿದರಾಯಿತು.

ದಪ್ಪ ತಂತಿ ಬಿಟ್ಟು ಮುಂದಿನ ಮೂರು. ನಾಲ್ಕನೆಯ ಪಟ್ಟಿ, ಐದನೆಯದು, ಮತ್ತೆ ನಾಲ್ಕು. ಹಿಡಿತ ಈಗ ನನಗೆ ಬರುತ್ತದೆ. ಬಾರಿಸಿ ಕೈ ತೆಗೆದ ಮೇಲೆ, ಒಳಗಿಂದ ದನಿ ಬರುವ ಮುಂಚೆ, ಬಹಳ ಸಣ್ಣದೊಂದು ಹೊತ್ತು ಇತ್ತಲ್ಲ, ಅದು ಮಾತ್ರ ನನ್ನಿಂದ ತಡೆಯಲಾಗಲಿಲ್ಲ. ಉಸಿರು ಹಿಡಿದು ಕೂತಿದ್ದೆ. ನೀವು ಇಷ್ಟು ವರ್ಷ ದಿನಾ ಸಂಜೆ ಆ ಹೊತ್ತಿನೊಳಗೆ ಕೂತಿದ್ದಿರಿ. ಇವತ್ತು ದನಿ ಬರಲಿಕ್ಕಿಲ್ಲ ಎಂದು ಒಂದು ದಿನವಾದರೂ ನಿಮಗೆ ಭಯವಾಗಿತ್ತೇ, ಮಾಮಾ?