ಚಿಲಕ ಹಾಕಿದವನ ಸ್ವೆಟರ್

ಅಪ್ಪಾ,

ನೀವಿದ್ದಿದ್ದರೆ ಇವತ್ತು ಮೊದಲ ಸಾಲಿನಲ್ಲಿ ಕೂರಿಸುತ್ತಿದ್ದೆ. ನಾನು ವಸ್ತ್ರವಿನ್ಯಾಸ ಮಾಡಿದ ಸಿನಿಮಾ ತೆರೆಕಂಡಿತು. ಒಂದಿಡೀ ಜನಾಂಗವನ್ನು ಕೊಂದ ಕಥೆ. ಅದರಲ್ಲೊಬ್ಬ ಮೇಷ್ಟ್ರು. ಕೊಲೆಗಾರರು ಅಟ್ಟಿಸಿಕೊಂಡು ಬಂದಾಗ ಪಕ್ಕದ ಮನೆಯವರು ಅವನ ಬಾಗಿಲು ಬಡಿಯುತ್ತಾರೆ. ಅವನು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾನೆ.

ಅವನಿಗೆ ನಿರ್ದೇಶಕರು ಕಪ್ಪು ಕೋಟು ಕೇಳಿದ್ದರು. ನಾನು ಮೊಣಕೈಗೆ ತೇಪೆ ಹಾಕಿದ ಬೂದು ಸ್ವೆಟರ್ ತಂದಿಟ್ಟೆ.

"ಏನಮ್ಮಾ ಇದು? ಇವನನ್ನ ನೋಡಿದ್ರೆ ಜನಕ್ಕೆ ಮೈ ಉರೀಬೇಕು!"

"ಕಪ್ಪು ಕೋಟು ಹಾಕಿದ್ರೆ, ಇವನು ಬೇರೆ ಯಾರೋ ಅಂದ್ಕೊಂಡು ನಿರಾಳವಾಗಿ ಮನೆಗೆ ಹೋಗ್ತಾರೆ ಸಾರ್," ಎಂದೆ. ಪಟ್ಟು ಬಿಡಲಿಲ್ಲ. ನಿಮ್ಮ ಮಗಳಲ್ಲವೇ!

ಇವತ್ತು ಆ ದೃಶ್ಯ ಬಂದಾಗ ಯಾರೂ ಅವನನ್ನು ಬಯ್ಯಲಿಲ್ಲ. ನನ್ನ ಹಿಂದೆ ಕೂತಿದ್ದ ಹೆಂಗಸು ಮಾತ್ರ ಗಂಡನಿಗೆ, "ಇವನು ಥೇಟ್ ನಿಮ್ಮ ಥರಾನೇ ಇದ್ದಾನಲ್ರೀ" ಎಂದು ಪಿಸುಗುಟ್ಟಿದಳು. ಎದೆಯುಬ್ಬಿತು ಅಪ್ಪಾ. ದೀಪ ಹತ್ತಿದ ಮೇಲೆ ನಿರ್ದೇಶಕರು ಎಲ್ಲರೆದುರು ನನ್ನ ಕೈ ಕುಲುಕಿ, "ಆ ಸ್ವೆಟರ್ ಎಲ್ಲಿ ಸಿಕ್ತಮ್ಮಾ?" ಎಂದು ಕೇಳಿದರು.

"ಮನೇಲಿತ್ತು ಸಾರ್."

ಒಗೆದು ನಿಮ್ಮ ಬೀರುವಿನಲ್ಲೇ ಮಡಿಸಿಟ್ಟಿದ್ದೇನೆ. ನಮ್ಮ ಪಕ್ಕದ ಮನೆಯವರು ಬಾಗಿಲು ಬಡಿದ ಆ ದಿನ ನೀವು ಹೇಗೆ ಸದ್ದಾಗದಂತೆ ಚಿಲಕ ಹಾಕಿದಿರಿ ಎಂದು ನಟನಿಗೆ ತೋರಿಸಿಕೊಟ್ಟವಳೂ ನಾನೇ.