ಬಾಗಿಲ ಕೆಳಗೆ ಒಂದು ಬೆರಳಷ್ಟು ಸಂದು

ಶನಿವಾರ, ಡಿಸೆಂಬರ್ ೧೩

ಪ್ರೀತಿಯ ಅಪ್ಪನಿಗೆ,

ಒಂದು ಮಾತನ್ನು ಈ ಪತ್ರದಲ್ಲಿ ಬರೆಯದೆ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಬಿಟ್ಟು ಬರೆದೂ ನೋಡಿದೆ, ಪತ್ರ ಕಾಲೂರಿ ನಿಲ್ಲಲಿಲ್ಲ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ನಮ್ಮ ಗೋಡೆಗೆ ಬೂಷ್ಟು ಹಿಡಿದದ್ದು ನೀವು ಮಾಡಿಕೊಟ್ಟ ಕಿಟಕಿಗಳಿಂದಲೇ. ದಯವಿಟ್ಟು ಪತ್ರ ಮಡಿಸಿಡಬೇಡಿ, ಪೂರ್ತಿ ಓದಿ. ಅದು ಹೇಗೆ ಎಂದು ಗೊತ್ತಾದ ದಿನ ನಾನು ನಿಂತಲ್ಲೇ ಜೋರಾಗಿ ನಕ್ಕುಬಿಟ್ಟೆ. ನೀವೂ ನಗುತ್ತೀರಿ.

ಇಷ್ಟು ತಡ ಮಾಡಿದ್ದಕ್ಕೆ ಬೈಯಿರಿ, ಬೈಸಿಕೊಳ್ಳುತ್ತೇನೆ. ಆದರೆ ಫೋನಿನಲ್ಲಿ ನಮ್ಮ ಮನೆಯ ಸುದ್ದಿ ಎತ್ತಿದರೆ ಸಾಕು, "ಇರು, ನಿಮ್ಮಮ್ಮ ಏನೋ ಕೇಳ್ಬೇಕಂತೆ" ಎಂದು ನೀವು ಫೋನನ್ನೇ ದಾಟಿಸಿಬಿಡುತ್ತೀರಿ. ಪಾಪ, ಅಮ್ಮನಿಗೆ ಕೇಳುವುದು ಏನೂ ಇರುವುದಿಲ್ಲ. "ಮತ್ತೆ ತಂದು ಕೈಗಿಟ್ರು ಕಣೆ" ಎಂದು ಪಿಸುಗುಟ್ಟುತ್ತಾಳೆ. ಅವಳೇ ಇನ್ನೊಂದು ವಿಷಯವನ್ನೂ ಹೇಳಿದಳು. ಹೋದ ಚಳಿಗಾಲ ನಮ್ಮ ಈ ಹಿಮ ಬೀಳುವ ಊರಿನಿಂದ ಹಿಂತಿರುಗಿದ ಮೇಲೆ ನೀವು ಒಂದು ಮರಗೆಲಸವನ್ನೂ ಒಪ್ಪಿಕೊಂಡಿಲ್ಲವಂತೆ. ಬಂದವರನ್ನೆಲ್ಲ "ನನ್ನ ಕೈ ಹೋಯ್ತು, ಮಗನ ಹತ್ರ ಮಾಡಿಸ್ಕೊಳ್ಳಿ" ಎಂದು ತಮ್ಮನ ಕಡೆಗೆ ಅಟ್ಟುತ್ತೀರಂತೆ. ತಮ್ಮನೂ ಮೊನ್ನೆ ಗೋಳಾಡಿದ: "ಅಕ್ಕಾ, ಕೀಸುಳಿಗೆ ಎಣ್ಣೆ ಸವರಿ ಬಟ್ಟೆ ಸುತ್ತಿ ಮೇಲಿಟ್ಟುಬಿಟ್ಟಿದ್ದಾರೆ. ನಾನು ತಪ್ಪು ಕೊಯ್ದ್ರೂ ಬೈಯಲ್ಲ. ಅಪ್ಪ ಬೈದೇ ಇದ್ರೆ ನನಗೆ ಕೆಲಸವೇ ಬರಲ್ಲ ಅನ್ನಿಸ್ತಿದೆ."

ನಿಮ್ಮನ್ನು ಅಲ್ಲಿಗೆ ತಂದು ನಿಲ್ಲಿಸಿದ್ದು ನಮ್ಮ ಮಗಳ ಕೋಣೆಯ ಕಿಟಕಿ ಎಂದು ನನಗೆ ಗೊತ್ತು. ನೀವು ಅದರ ಚೌಕಟ್ಟಿನ ಕೆಳಗೆ ಹೆಬ್ಬೆರಳು ಎಳೆದಿರಿ. ಬೆರಳು ಕಪ್ಪಾಯಿತು. "ನೀರು ಒಳಗೆ ಬಂದಿದೆ. ಕೆಲಸ ಕೆಟ್ಟಿದೆ" ಎಂದಿರಿ. ನಾನು ಏನು ಹೇಳಿದರೂ ಕೇಳಿಸಿಕೊಳ್ಳದೆ ಮನೆಯ ಎಲ್ಲ ಕಿಟಕಿಗಳ ಕೆಳಗೂ ಬೆರಳು ಎಳೆಯುತ್ತಾ ಹೋದಿರಿ.

ಆಮೇಲೆ ಪೇಂಟರ್ ಬಂದು ಬಳಿದ. ಬೂಷ್ಟು ಬಣ್ಣದ ಮೇಲೂ ಬಂತು. ಮಗಳ ಕೆಮ್ಮು ನಿಲ್ಲಲಿಲ್ಲ. ನಿಮ್ಮ ಅಳಿಯ "ಈ ಮರದ ಕಿಟಕಿ ತೆಗೆಸಿ ಪ್ಲಾಸ್ಟಿಕ್‌ದು ಹಾಕಿಸೋಣ" ಎಂದರು. ನನ್ನ ಸ್ವಭಾವ ನಿಮಗೆ ಗೊತ್ತಲ್ಲ, ಟಿಕೆಟಿನ ಸಾಲಿನಲ್ಲಿ ನಿಂತ ಮೇಲೂ ಇದೇ ಸಾಲು ತಾನೇ ಎಂದು ಹಿಂದಿನವರನ್ನು ಕೇಳುವವಳು ನಾನು. ಕಿಟಕಿ ತಪ್ಪು ಮಾಡಿದೆ ಎಂದು ಗೊತ್ತಾಗದೆ ಅದನ್ನು ಕೀಳಿಸುವುದು ಹೇಗೆ? ಅಥವಾ ನಿಮ್ಮ ಮಗಳಾದ್ದರಿಂದ ನನಗೆ ಹಾಗೆ ಅನ್ನಿಸುತ್ತಿದೆಯೇ? ಎರಡನೆಯದೂ ಇರಬಹುದು ಎಂದು ಹೆದರಿಕೆಯಾಗಿ, ಪರೀಕ್ಷೆ ಮಾಡುವವರನ್ನೇ ಕರೆಸಿದೆ.

ಬಂದವಳು ನನಗಿಂತ ಚಿಕ್ಕ ವಯಸ್ಸಿನ ಎಂಜಿನಿಯರು. ಮಗಳು ಅವಳಿಗೆ ಅವತ್ತೇ "ಗಾಳಿ ಅಕ್ಕ" ಎಂದು ಹೆಸರಿಟ್ಟಳು. ಮುಂಬಾಗಿಲು ತೆರೆದು, ಆ ಜಾಗಕ್ಕೆ ಕೆಂಪು ಬಟ್ಟೆಯ ಪರದೆ ಬಿಗಿದು, ಅದರ ನಡುವೆ ದೊಡ್ಡ ಫ್ಯಾನು ಕೂರಿಸಿದಳು. ಫ್ಯಾನು ಮನೆಯೊಳಗಿನ ಗಾಳಿಯನ್ನು ಹೊರಗೆ ಎಳೆಯುತ್ತದೆ. ಆಗ ಎಲ್ಲೆಲ್ಲಿ ಬಿರುಕಿದೆಯೋ ಅಲ್ಲಿಂದ ಹೊರಗಿನ ಗಾಳಿ ನುಗ್ಗಿ ಬರಲೇಬೇಕು. ಅವಳ ಕೈಯಲ್ಲಿ ಸಣ್ಣಗೆ ಹೊಗೆಯಾಡುವ ಒಂದು ಕಡ್ಡಿ. ಹೊಗೆ ಬಾಗಿದರೆ ಅಲ್ಲಿ ಸಂದಿದೆ ಎಂದು ಅರ್ಥ.

ಮೊದಲು ಮಗಳ ಕೋಣೆಯ ಕಿಟಕಿ. ಅಪ್ಪ, ನಾನು ಅವಳ ಬೆನ್ನಿಗೇ ಅಂಟಿ ನಿಂತೆ. ಅವಳು ಕಡ್ಡಿಯನ್ನು ಚೌಕಟ್ಟಿನ ಕೆಳಗಿಂದ ಮೇಲಕ್ಕೆ, ಮೂಲೆಯಿಂದ ಮೂಲೆಗೆ ಒಯ್ದಳು. ಹೊಗೆ ನೂಲಿನಂತೆ ನೆಟ್ಟಗೆ ಮೇಲೇರಿತು. ಪಕ್ಕದ ಕಿಟಕಿಯಲ್ಲೂ ಹಾಗೆಯೇ. ನಮ್ಮ ಕೋಣೆ, ಹಜಾರ, ಮೆಟ್ಟಿಲ ಮೇಲಿನ ಸಣ್ಣ ಕಿಟಕಿ, ಎಲ್ಲಿಯೂ ಹೊಗೆ ಅಲ್ಲಾಡಲಿಲ್ಲ. ಅವಳು ಕಡ್ಡಿ ಕೆಟ್ಟಿರಬೇಕೆಂದು ಬೇರೆ ತೆಗೆದಳು. ಅದೂ ಹಾಗೆಯೇ ನಿಂತಿತು.

"ಯಾರು ಮೇಡಂ ಈ ಕಿಟಕಿ ಮಾಡಿದ್ದು? ಅವರ ನಂಬರ್ ಕೊಡಿ."

"ನಮ್ಮಪ್ಪ. ಈಗ ಕೆಲಸ ಒಪ್ಕೊಳ್ತಿಲ್ಲ."

"ಯಾಕೆ?"

"ಬೂಷ್ಟು ನೋಡಿ, ತಮ್ಮ ಕೆಲಸ ಕೆಟ್ಟಿದೆ ಅಂದ್ಕೊಂಡಿದ್ದಾರೆ."

"ಕೆಟ್ಟಿದ್ದಿದ್ರೆ ನಿಮ್ಮ ಗೋಡೆ ಒಣಗಿರ್ತಿತ್ತು, ಮೇಡಂ!"

ಆಗಲೇ ನಾನು ನಕ್ಕದ್ದು. ನಿಮ್ಮದಕ್ಕೂ ಮುಂಚೆ ಇದ್ದ ಹಳೆಯ ಕಿಟಕಿಗಳ ಸಂದುಗಳಲ್ಲಿ ಚಳಿ ಬರುತ್ತಿತ್ತು, ಜೊತೆಗೆ ಮನೆಯ ತೇವವೂ ಹೊರಗೆ ಹೋಗುತ್ತಿತ್ತು. ನಮ್ಮ ಉಸಿರು, ಸ್ನಾನದ ಹಬೆ, ಒಲೆಯ ಮೇಲಿನ ಪಾತ್ರೆ, ಒಳಗೆ ಹರವಿದ ಬಟ್ಟೆ, ಇವುಗಳ ತೇವಕ್ಕೆ ನೀವು ಒಂದು ಕೂದಲೆಳೆಯಷ್ಟು ದಾರಿಯನ್ನೂ ಉಳಿಸಿರಲಿಲ್ಲ. ಅದು ತಣ್ಣನೆಯ ಗಾಜಿನ ಮೇಲೆ ನೀರಾಗಿ ಇಳಿಯಿತು. ನಿಮ್ಮ ಬೆರಳಿಗೆ ತಾಕಿದ್ದು ಮಳೆನೀರಲ್ಲ ಅಪ್ಪ, ನಮ್ಮ ಮನೆಯವರ ಉಸಿರು.

ಹೊಗೆ ಒಂದೇ ಒಂದು ಕಡೆ ಬಾಗಿತು. ಬಾಗಿತೇನು, ಅಡ್ಡ ಮಲಗಿಬಿಟ್ಟಿತು. ಅಡುಗೆಮನೆಯ ಸಿಂಕಿನ ಕೆಳಗೆ, ನಿಮ್ಮ ಅಳಿಯ ಸ್ವತಃ ಡ್ರಿಲ್ ಹಿಡಿದು ಪೈಪಿಗೆ ಕೊರೆದ ತೂತಿನಲ್ಲಿ. "ಇದು ಯಾರು ಮಾಡಿದ್ದು?" ಎಂದು ಗಾಳಿ ಅಕ್ಕ ಕೇಳುವಷ್ಟರಲ್ಲಿ ಅವರು ಗಿಡಕ್ಕೆ ನೀರು ಹಾಕಲು ಹೊರಟಿದ್ದರು. "ಅಪ್ಪಾ, ನಂಬರ್ ಕೇಳ್ತಿದ್ದಾರೆ, ಬಾ!" ಎಂದು ಮಗಳು ಕೂಗಿದಳು.

ಕಿಟಕಿಗಳನ್ನು ತೆರೆದಿಟ್ಟರೆ ತೇವ ಹೋಗುತ್ತದೆ, ಆದರೆ ಚಳಿಗೆ ಮಂಜುಗಡ್ಡೆಯಾಗುತ್ತೇವೆ. ಅದಕ್ಕೇ ಗಾಳಿ ಅಕ್ಕ ಒಂದು ಯಂತ್ರ ಹಾಕಿಸಿದಳು. ಬಟ್ಟೆಯ ಕಪಾಟಿನಷ್ಟು ಪೆಟ್ಟಿಗೆ, ಬಚ್ಚಲಮನೆಯ ಪಕ್ಕದ ಸಾಮಾನಿನ ಕೋಣೆಯಲ್ಲಿ ಕೂತಿದೆ. ಅಡುಗೆಮನೆ, ಬಚ್ಚಲಮನೆಗಳ ಹಳಸಲು ಗಾಳಿಯನ್ನು ಎಳೆದು ಹೊರಗೆ ಹಾಕುತ್ತದೆ. ಹೊರಗಿನ ಹೊಸ ಗಾಳಿಯನ್ನು ಮಲಗುವ ಕೋಣೆಗಳಿಗೂ ಹಜಾರಕ್ಕೂ ಬಿಡುತ್ತದೆ. ಹೋಗುವ ಗಾಳಿ, ಬರುವ ಗಾಳಿ ಎರಡೂ ಪೆಟ್ಟಿಗೆಯೊಳಗೆ ತೆಳ್ಳನೆಯ ಹಾಳೆಗಳ ಆಚೀಚೆ ಹಾಯುತ್ತವೆ. ಒಂದಕ್ಕೊಂದು ಬೆರೆಯುವುದಿಲ್ಲ. ಆದರೆ ಹೋಗುವುದು ತನ್ನ ಬಿಸಿಯನ್ನು ಬರುವುದಕ್ಕೆ ಕೊಟ್ಟು ಹೋಗುತ್ತದೆ. ಇದನ್ನು ನನಗೆ ಅರ್ಥ ಮಾಡಿಸಲು ಗಾಳಿ ಅಕ್ಕ ಎರಡು ಸಲ ಚಿತ್ರ ಬರೆದಳು. ನಿಮಗೆ ಒಂದು ಸಾಕು, ಜೊತೆಗಿಟ್ಟಿದ್ದೇನೆ.

ಗೋಡೆಗೆ ಎರಡು ದುಂಡನೆಯ ತೂತು ಕೊರೆದಾಗ ಮನೆಯೆಲ್ಲ ಇಟ್ಟಿಗೆಯ ಧೂಳು. ತೊಡೆಯಷ್ಟು ದಪ್ಪದ ಕೊಳವೆಗಳನ್ನು ಒಳದಾರಿಯ ಚಾವಣಿಯಡಿ ಎಳೆಯುವಾಗ ನಿಮ್ಮ ಅಳಿಯ ಏಣಿ ಹಿಡಿಯುವ ಕೆಲಸಕ್ಕೆ ಮಾತ್ರ ನೇಮಕವಾಗಿದ್ದರು. ಮೊದಲ ದಿನ ಚಾಲೂ ಮಾಡಿ, ನಾನು ಗೆದ್ದವಳ ಹಾಗೆ ಒಲೆ ಹಚ್ಚಿ ಈರುಳ್ಳಿ ಹುರಿಯಲು ನಿಂತೆ. ಮಗಳ ಕೋಣೆಯಿಂದ ಕೂಗು: "ಅಮ್ಮಾ, ನನ್ನ ದಿಂಬನ್ನ ಯಾಕೆ ಹುರೀತಿದ್ದೀಯ?" ಎರಡು ಕೊಳವೆ ಅದಲುಬದಲಾಗಿದ್ದವು. ಗಾಳಿ ಅಕ್ಕ ಹಣೆ ಚಚ್ಚಿಕೊಂಡು ಬಂದು ಬಿಚ್ಚಿ ಸರಿಮಾಡಿದಳು. ಮಗಳು ಇನ್ನೂ ದಿಂಬು ಮೂಸುತ್ತಾಳೆ.

ಮೊದಲ ದೊಡ್ಡ ಚಳಿ ಬಿದ್ದದ್ದು ಹೋದ ವಾರ. ಬೆಳಿಗ್ಗೆ ಎದ್ದಾಗ ಹೊರಗೆ ಕಾರುಗಳ ಮೇಲೆಲ್ಲ ಬೆಳ್ಳನೆಯ ಹಿಮದ ಪೊರೆ. ಬರಿಗಾಲಿನಲ್ಲಿ ಮಗಳ ಕೋಣೆಗೆ ಹೋದೆ. ಕಿಟಕಿ ಮುಚ್ಚಿತ್ತು, ಕೋಣೆ ಬೆಚ್ಚಗಿತ್ತು, ಗಾಳಿ ಆಗತಾನೇ ಬಾಗಿಲು ತೆರೆದಂತೆ ಹಗುರವಾಗಿತ್ತು. ಚೌಕಟ್ಟಿನ ಕೆಳಗೆ ನಿಮ್ಮ ಹಾಗೆಯೇ ಹೆಬ್ಬೆರಳು ಎಳೆದೆ. ಒಣ ಮರ! ಮನೆಯ ಎಲ್ಲ ಕಿಟಕಿಗಳ ಕೆಳಗೂ ಎಳೆದೆ. ನಿಮ್ಮ ಅಳಿಯ ಕಾಫಿ ಲೋಟ ಹಿಡಿದು ಹಿಂದೆಯೇ ಬಂದು, "ಪ್ಲಾಸ್ಟಿಕ್ ಅಂದವನು ನಾನಲ್ಲ" ಎಂದರು. ಮಗಳು ಎದ್ದು ಕೂತಳು, ಕೆಮ್ಮಲಿಲ್ಲ. ನಾವಿಬ್ಬರೂ ಅವಳು ಕೆಮ್ಮುತ್ತಾಳೆಂದು ಕಾಯುತ್ತಾ ನಿಂತಿದ್ದೆವು. "ಏನು, ಇಬ್ಬರೂ ಹೀಗೆ ನೋಡ್ತಿದ್ದೀರಿ?" ಎಂದಳು. ನನಗೆ ಕುಣಿಯಬೇಕೆನಿಸಿತು. ಒಂದು ಸುತ್ತು ಕುಣಿದೆನೆಂದೂ ಕಾಣುತ್ತದೆ.

ಈಗ ಕೆಲಸದ ಮಾತು. ಹೊಸ ಗಾಳಿ ಮಲಗುವ ಕೋಣೆಗೆ ಬಂದರೆ ಸಾಲದು, ಅಲ್ಲಿಂದ ಬಾಗಿಲ ಕೆಳಗೆ ನುಸುಳಿ ಅಡುಗೆಮನೆ, ಬಚ್ಚಲಮನೆಗಳತ್ತ ಸಾಗಬೇಕು. ನೀವು ಮಾಡಿದ ಬಾಗಿಲುಗಳ ಕೆಳಗೆ ಕಾಗದವೂ ತೂರುವುದಿಲ್ಲ. ಪ್ರತಿ ಬಾಗಿಲ ಕೆಳಗೂ ಒಂದು ಬೆರಳಷ್ಟು ಸಂದು ಬಿಡಬೇಕಂತೆ. ಗಾಳಿ ಅಕ್ಕ ಗರಗಸದ ಯಂತ್ರವನ್ನು ತಂದೇ ಇದ್ದಳು. ನಾನು ಬಾಗಿಲಿಗೆ ಅಡ್ಡ ನಿಂತೆ. "ಬೇಡ. ಮಾಡಿದವರೇ ಬಂದು ಕೊಯ್ಯಲಿ." "ಬರ್ತಾರಾ?" ಎಂದಳು. "ಬರ್ತಾರೆ" ಎಂದುಬಿಟ್ಟೆ. ಯಾವ ಧೈರ್ಯದಲ್ಲಿ ಹೇಳಿದೆನೋ!

ಅಲ್ಲಿಯವರೆಗೆ ಬಾಗಿಲು ಮುಚ್ಚುವ ಹಾಗಿಲ್ಲ. ಮಗಳು "ತಾತ ಬರೋವರೆಗೆ ಈ ಮನೇಲಿ ಯಾರಿಗೂ ಗುಟ್ಟು ಅನ್ನೋದೇ ಇಲ್ಲ" ಎಂದು ಸಿಡುಕುತ್ತಾಳೆ. ಜನ್ಮದಲ್ಲಿ ಒಂದು ಸಂದು ಬಿಡದವರು ನೀವು. ಈಗ ಬೇಕೆಂದೇ ಬಿಡಬೇಕು, ಅದೂ ಎಲ್ಲ ಬಾಗಿಲಿಗೂ ಸಮನಾಗಿ. ಅದು ನಿಮ್ಮ ಕೈಗಲ್ಲದೆ ಬೇರೆ ಯಾರ ಕೈಗೂ ಬರುವುದಿಲ್ಲ. ಕೀಸುಳಿಗೆ ಸುತ್ತಿದ ಬಟ್ಟೆ ಬಿಚ್ಚಿ. ತಮ್ಮನನ್ನೂ ಕರೆತನ್ನಿ, ಬೈಸಿಕೊಳ್ಳಲು ಹಂಬಲಿಸುತ್ತಿದ್ದಾನೆ. ಗಾಳಿ ಅಕ್ಕನಿಗೆ ಗೊತ್ತಿರುವ ಎರಡು ಮನೆಯವರು ನಿಮ್ಮಿಂದ ಕಿಟಕಿ ಮಾಡಿಸಬೇಕೆಂದು ಕಾದಿದ್ದಾರೆ. ಮಾತಾಡಿ ಎಂದು ನಾನು ಒತ್ತಾಯಿಸುವುದಿಲ್ಲ. ಅವಳು ಒತ್ತಾಯಿಸುತ್ತಾಳೆ.

ಅಮ್ಮನ ಮಂಡಿಗೆ ಇಲ್ಲಿಯ ಬೆಚ್ಚಗಿನ ಕೋಣೆ ಕಾಯುತ್ತಿದೆ ಎಂದು ಹೇಳಿ. ನನ್ನ ತಲೆಯ ಮೇಲೆ ನಿಮ್ಮ ಕೈ ಯಾವಾಗಲೂ ಇರಲಿ, ಆದರೆ ಸದ್ಯಕ್ಕೆ ಅದು ಬಾಗಿಲುಗಳ ಮೇಲಿದ್ದರೂ ಆದೀತು.

ನಿಮ್ಮ
ಪುಟ್ಟಿ

ಮತ್ತೆ: ಹೋದ ಸಲ ನೀವು ಹೊರಟ ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದೇನೆ ಎಂದು ತಿಳಿದಿದ್ದಿರಿ. ಟವೆಲು ಮರೆತು ಹಿಂತಿರುಗಿದ್ದೆ. ಹಜಾರದಲ್ಲಿ ನೀವು ನಿಮ್ಮ ಅಳಿಯನ ಮುಂದೆ ಎರಡೂ ಕೈ ಜೋಡಿಸಿ ನಿಂತಿದ್ದಿರಿ. "ಮಗಳ ಮನೆಗೆ ಅಂತ ಆಸೆಯಿಂದ ಮಾಡಿದ್ದು, ಹೀಗಾಯ್ತು. ಅವಳನ್ನ ಏನೂ ಅನ್ನಬೇಡಿ" ಎಂದಿರಿ. ಅವರು ಗಾಬರಿಯಿಂದ ನಿಮ್ಮ ಕೈ ಬಿಡಿಸಿದರು, ಅದನ್ನೂ ನೋಡಿದೆ. ನಾನು ಗೋಡೆಯ ಹಿಂದೆಯೇ ನಿಂತುಬಿಟ್ಟೆ. ಹೊರಗೆ ಬಂದಿದ್ದರೆ ನಿಮಗೆ ಇನ್ನೂ ನೋವಾಗುತ್ತಿತ್ತೋ, ಬಾರದೆ ಇದ್ದದ್ದೇ ತಪ್ಪೋ, ಈಗಲೂ ಗೊತ್ತಿಲ್ಲ. ಇಡೀ ವರ್ಷ ಕಣ್ಣು ಮುಚ್ಚಿದರೆ ಅದೇ ಕಾಣುತ್ತಿತ್ತು. ಹೊಗೆ ನೆಟ್ಟಗೆ ನಿಂತಾಗ ಅವರು ನನ್ನ ಕಿವಿಯಲ್ಲಿ, "ಮಾವನ ಮುಂದೆ ನಾನೇ ಕೈ ಮುಗಿಯಬೇಕು ಕಣೆ" ಎಂದರು. ಬನ್ನಿ ಅಪ್ಪ, ಕೈ ಮುಗಿಸಿಕೊಳ್ಳಿ.

ಮತ್ತೊಮ್ಮೆ ಓದಿದರೆ ಈ ಕೊನೆಯ ತುಂಡನ್ನು ಹರಿದು ಹಾಕಿಯೇನು. ಹಾಗಾಗಿ ಲಕೋಟೆಯನ್ನು ಈಗಲೇ ಅಂಟಿಸುತ್ತಿದ್ದೇನೆ. ನಾಳೆ ಭಾನುವಾರ. ಸೋಮವಾರ, ಡಿಸೆಂಬರ್ ೧೫ರಂದು ಅಂಚೆಗೆ ಹಾಕುತ್ತೇನೆ.